ಕೇಕ್ ಎಂಬ ಹಳದಿ ಗುಳಿಗೆ

ಕೇಳುಗರೇ, ನಮಸ್ಕಾರ.

ರಾತ್ರಿ ಸುದ್ದಿಗೆ ಟಿವಿ ಹಾಕುತ್ತೀರಿ. ಮೊದಲು ಆ ಢಣಢಣ ಸಂಗೀತ. ಆಮೇಲೆ ಕೆಂಪು ಪಟ್ಟಿ, ಕೋಟು, ಗಟ್ಟಿ ದನಿ. ಸಂಗತಿ ಏನು ಅಂತ ಗೊತ್ತಾಗುವ ಮೊದಲೇ ನಾವು ಅರ್ಧ ನಂಬಿರುತ್ತೇವೆ, ಅಲ್ವಾ? ನಾನು ಹೇಳಬೇಕಾದ್ದು ಒಂದೇ ಮಾತು. ಸುದ್ದಿಗೂ ಒಂದು ವೇಷ ಇದೆ. ಒಳ್ಳೆಯ ರಾಜಕೀಯ ವಿಡಂಬನೆ ಆ ವೇಷವನ್ನು ಕಳಚಿ ತೋರಿಸುತ್ತದೆ.

ಬ್ರಿಟನ್ನಿನಲ್ಲಿ ನಡೆದದ್ದು ಕೇಳಿ. 1997ರಲ್ಲಿ ಅಲ್ಲಿನ ಚಾನೆಲ್ ಫೋರ್‌ನಲ್ಲಿ ಕ್ರಿಸ್ ಮಾರಿಸ್ ಅವರ 'ಬ್ರಾಸ್ ಐ' ಬಂತು. ನೋಡೋಕೆ ಥೇಟ್ ಸುದ್ದಿ ಕಾರ್ಯಕ್ರಮ, ಒಳಗೆಲ್ಲ ವಿಡಂಬನೆ. ಅದಕ್ಕಾಗಿ 'ಕೇಕ್' ಅನ್ನುವ ಮಾದಕ ವಸ್ತುವನ್ನು ಹುಟ್ಟುಹಾಕಿದರು. ಅಂಥದ್ದು ಲೋಕದಲ್ಲೇ ಇಲ್ಲ! ದೊಡ್ಡದೊಂದು ಹಳದಿ ಗುಳಿಗೆ ಮಾಡಿಸಿದರು. ಇಲ್ಲದ ಸಂಘಗಳ ಹೆಸರಿನಲ್ಲಿ ಹೆಸರಾಂತ ಜನರನ್ನು ಕರೆದು, ಜನರಿಗೆ ಎಚ್ಚರಿಕೆ ಹೇಳಿ ಅಂದರು. ಬಂದವರು ಗುಳಿಗೆ ಹಿಡಿದುಕೊಂಡು ಗಂಭೀರವಾಗಿ ಮಾತಾಡಿದರು. ಟಿವಿಯ ಜನಪ್ರಿಯ ನಿರೂಪಕರೊಬ್ಬರು, ಇದು ಮೆದುಳಿನ 'ಶಾಟ್ನರ್ಸ್ ಬಸೂನ್' ಭಾಗಕ್ಕೆ ಹೊಡೆಯುತ್ತದೆ ಅಂದರು. ಬಸೂನ್ ಅಂದರೆ ಊದುವ ವಾದ್ಯ. ಮೆದುಳಿನಲ್ಲಿ ನಾಗಸ್ವರ ಇದೆ ಅಂದ ಹಾಗಾಯ್ತು! ಇದು 'ಮೇಡ್ ಅಪ್' ಡ್ರಗ್ ಅಂತಲೂ ಹೇಳಿಸಿದರು. ಇಂಗ್ಲಿಷಿನಲ್ಲಿ ಮೇಡ್ ಅಪ್ ಅಂದರೆ ಕಟ್ಟುಕತೆ. ನಿಜ ಅವರ ಬಾಯಲ್ಲೇ ಇತ್ತು, ಅವರ ಕಿವಿಗೆ ಬೀಳಲಿಲ್ಲ. ಒಬ್ಬ ಸಂಸದರಂತೂ ಕೇಕ್ ಬಗ್ಗೆ ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಹಾಕಿದರು. ಸರ್ಕಾರ ಉತ್ತರವನ್ನೂ ಕೊಟ್ಟಿತು.

ಇವರು ಯಾರೂ ದಡ್ಡರಲ್ಲ. ಕ್ಯಾಮೆರಾ ನೋಡಿದರು, ಸಂಘದ ಹೆಸರು ನೋಡಿದರು, ನಂಬಿದರು. ವೇಷ ನೋಡಿದರು ಅಷ್ಟೆ. ಈ ಗುಳಿಗೆ ತಿಂದವರು ಯಾವ ಊರಿನವರು, ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತ ಒಬ್ಬರು ಕೇಳಿದ್ದರೂ ಸಾಕಿತ್ತು. ಹಾಗೆ ಕೇಳುವ ಅಭ್ಯಾಸವನ್ನು ವಿಡಂಬನೆ ಕಲಿಸುತ್ತದೆ. ಇದೆಲ್ಲ ಸುಮ್ನೆ ತಮಾಷೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರು. ನಕ್ಕಾದ ಮೇಲೆ, ಯಾಕೆ ನಕ್ಕೆವು ಅಂತ ಒಂದು ನಿಮಿಷ ಯೋಚಿಸಿ ನೋಡಿ.

ಪತ್ರಿಕೆಯವರೇ ಮೋಸ ಹೋದದ್ದೂ ಉಂಟು. 2012ರಲ್ಲಿ ಅಮೆರಿಕದ ವಿಡಂಬನಾ ಪತ್ರಿಕೆ 'ದಿ ಆನಿಯನ್', ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರೇ ಆ ವರ್ಷದ ಅತಿ ಮೋಹಕ ಗಂಡಸು ಅಂತ ಬರೆಯಿತು. ಚೀನಾದ 'ಪೀಪಲ್ಸ್ ಡೈಲಿ' ಜಾಲತಾಣ ಅದನ್ನು ನಿಜ ಅಂದುಕೊಂಡು 55 ಫೋಟೋ ಸಮೇತ ಹಾಕಿತು. ಅಲ್ಲೂ ವೇಷವೇ ಗೆದ್ದಿತು.

ನಮ್ಮಲ್ಲೂ ಈ ಪರಂಪರೆ ಹಳೆಯದು. 'ರಾಶಿ' ಅಂದರೆ ಡಾ. ಎಂ. ಶಿವರಾಂ 1942ರಲ್ಲೇ 'ಕೊರವಂಜಿ' ಅನ್ನುವ ಹಾಸ್ಯ ಪತ್ರಿಕೆ ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಅದರ ಬಗ್ಗೆ ಹೇಳೋಕೆ ತುಂಬಾ ಇದೆ, ಆದರೆ ಸಮಯ ಆಗಿಬಿಟ್ಟಿದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಸುದ್ದಿ ಬರುವಾಗ ಟಿವಿಯ ದನಿ ಪೂರ್ತಿ ತಗ್ಗಿಸಿ. ಪರದೆಯ ಮೇಲಿನ ಅಕ್ಷರ ಮಾತ್ರ ಓದಿ. ಯಾರು ಹೇಳಿದರು, ಎಲ್ಲಿ, ಯಾವಾಗ ಅಂತ ಅದರಲ್ಲಿ ಹುಡುಕಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ನಿಮಗಿಂತ ಬೇಗ ಹುಡುಕುತ್ತಾರೆ.

ನಮಸ್ಕಾರ.