ಟರ್ಬೊ ಕೂರಿಸಿದ ಕಾರಿನಲ್ಲಿ ಪೆಟ್ರೋಲ್ ಪ್ರೆಶರ್ ಹೊಂದಿಸುವುದು

[ದೃಶ್ಯ: ಬದಿಯಡ್ಕದ ಗ್ಯಾರೇಜು. ತೆರೆದ ಬಾನೆಟ್, ಫ್ಯೂಯೆಲ್ ರೈಲಿನ ಮೇಲೆ ಗೇಜ್]

ನಮಸ್ಕಾರ. "ಎಳೆತ ಸಾಲದು, ಪ್ರೆಶರ್ ಸ್ವಲ್ಪ ಏರಿಸಿ ಕೊಡಿ" ಎಂದು ಕೇಳುವವರು ಬಹಳ. ಏರಿಸಬಹುದು. ಆದರೆ ಗಾಳಿ-ಪೆಟ್ರೋಲ್ ಮಿಶ್ರಣ ಸರಿಪಡಿಸಲು ರೆಗ್ಯುಲೇಟರಿನ, ಅಂದರೆ ಪೆಟ್ರೋಲಿನ ಒತ್ತಡ ನಿಯಂತ್ರಿಸುವ ಭಾಗದ, ಸ್ಕ್ರೂ ತಿರುಗಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಇಸಿಯು ಮ್ಯಾಪಿನ ಕೆಲಸ, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕೆಂದು ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಪಟ್ಟಿಯ ಕೆಲಸ.

ಲೆಕ್ಕ ನೋಡಿ. 3 ಬಾರ್ ಇದ್ದುದನ್ನು 4 ಬಾರ್ ಮಾಡಿದರೆ ಇಂಜೆಕ್ಟರಿನ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ನಳಿಕೆಯ) ಹರಿವು ಹೆಚ್ಚುವುದು ಸುಮಾರು ಶೇ. 15 ಮಾತ್ರ, ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಅತ್ತ ಒತ್ತಡ ಏರಿದಷ್ಟೂ ಪಂಪು ಕೊಡುವ ಪೆಟ್ರೋಲ್ ಇಳಿಯುತ್ತದೆ.

[ದೃಶ್ಯ: ರೆಗ್ಯುಲೇಟರ್ ಸಮೀಪದಿಂದ]

ಗೇಜ್ ಜೋಡಿಸುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಗೇಜ್ ಕೂರಿಸಿ ಫ್ಯೂಸ್ ಹಾಕಿ, ಐಡಲ್‌ನಲ್ಲಿ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಡಿಸಿ ಅದರ ಬಾಯಿ ಮುಚ್ಚಿ. ಲಾಕ್ ನಟ್ ಸಡಿಲಿಸಿ, ಮ್ಯಾಪಿನಲ್ಲಿ ನಮೂದಿಸಿರುವ ಒತ್ತಡಕ್ಕೆ, ಈ ಕಾರಿನಲ್ಲಿ 3 ಬಾರ್‌ಗೆ, ತಂದು ಬಿಗಿಯಿರಿ.

ಈಗ ಪೈಪ್ ಮತ್ತೆ ಸಿಕ್ಕಿಸಿ. ಮುಳ್ಳು 2.4ರ ಆಸುಪಾಸಿಗೆ ಇಳಿಯಿತೇ? ಗಾಬರಿ ಬೇಡ, ಇಳಿಯಲೇಬೇಕು. ಐಡಲ್‌ನಲ್ಲಿ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಪೆಟ್ರೋಲನ್ನು ತನ್ನತ್ತ ಹೀರುತ್ತದೆ. ಟರ್ಬೊ ಊದುವಾಗ ಹಿಂದಕ್ಕೆ ತಳ್ಳುತ್ತದೆ. 0.8 ಬಾರ್ ಬೂಸ್ಟ್, ಅಂದರೆ ಟರ್ಬೊ ಏರಿಸಿದ ಗಾಳಿಯ ಒತ್ತಡ, ಬಂದಾಗ ಗೇಜ್ 3.8 ತೋರಿಸಬೇಕು. ಇಂಜೆಕ್ಟರಿನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ ಸದಾ 3 ಬಾರ್ ಇದ್ದರೆ ಮಾತ್ರ ಮ್ಯಾಪಿನ ಲೆಕ್ಕ ನಿಜವಾಗುತ್ತದೆ. ಈಚಿನ ಹಲವು ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ, ಈ ಪೈಪೇ ಇರುವುದಿಲ್ಲ; ಅವುಗಳ ದಾರಿ ಬೇರೆ.

ಅಗ್ಗವೆಂದು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸುವ ನಮ್ಮ ಕಾಸರಗೋಡಿನವರಿಗೊಂದು ಮಾತು: ಎಲ್ಲಿ ತುಂಬಿಸಿದರೂ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರಬಹುದು. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ ಬೇಕಾದ ಗಾಳಿ 14.7 ಪಾಲು, ಶೇ. 20 ಎಥೆನಾಲ್ ಬೆರೆತರೆ ಅದು ಸುಮಾರು 13.5. ಹಾಗಾಗಿ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲಿ ಓದಿ; ಇಂಧನ ಯಾವುದಿದ್ದರೂ ಸರಿಯಾದ ಅನುಪಾತಕ್ಕೆ ಅದು 1 ತೋರಿಸುತ್ತದೆ.

ಬೂಸ್ಟ್ ಪರೀಕ್ಷೆಯನ್ನು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿ, ಚೆರ್ಕಳದ ರಸ್ತೆಯಲ್ಲಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

[ದೃಶ್ಯ: ಡೈನೊ ಮೇಲೆ ಕಾರು, ಗೇಜ್ 3.2ರಲ್ಲಿ]

ಪೂರ್ತಿ ಬೂಸ್ಟ್ ಇದ್ದರೂ ಮುಳ್ಳು 3.2ರಲ್ಲೇ ನಿಂತರೆ ಥ್ರಾಟಲ್ ಕೂಡಲೇ ಬಿಡಿ. ಪೆಟ್ರೋಲ್ ಸಾಲದ ಎಂಜಿನ್ ನಾಕ್ ಮಾಡಿ, ಅಂದರೆ ಒಳಗೆ ಮಿಶ್ರಣ ಹತೋಟಿ ತಪ್ಪಿ ಸಿಡಿದು, ಪಿಸ್ಟನ್ ತಿನ್ನುತ್ತದೆ. ಸ್ಕ್ರೂ ಮುಟ್ಟಬೇಡಿ. ಮೊದಲು ರೆಗ್ಯುಲೇಟರಿಗೆ ಸಿಕ್ಕಿಸಿದ ಅದೇ ವ್ಯಾಕ್ಯೂಮ್ ಪೈಪ್ ಸೋರುತ್ತಿದೆಯೇ ನೋಡಿ, ಬಳಿಕ ಫಿಲ್ಟರ್, ಆಮೇಲೆ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್. ಅದನ್ನು ಅಳೆಯಬೇಕಾದದ್ದು ಪಂಪು ಓಡುತ್ತಿರುವಾಗ.