ಹಳ್ಳಕ್ಕೆ ಎಷ್ಟು ಅಗಲ ಬೇಕು? ಪುಣೆಯ ಆಂಬಿಲ್ ಓಢಾ ಮತ್ತು ಒಂದು ವಿದ್ಯಾರ್ಥಿ ವಿನ್ಯಾಸ

[ದೃಶ್ಯ: ಪರ್ವತಿ ಗುಡ್ಡದ ಮೇಲಿನಿಂದ ಕಾಣುವ ಪುಣೆ, ಮಳೆಗಾಲದ ಮೋಡ]

ನಮಸ್ಕಾರ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ದಕ್ಷಿಣ ಭಾಗದಲ್ಲಿ ಸುರಿದ ಮಳೆಗೆ ಆಂಬಿಲ್ ಓಢಾ ಉಕ್ಕಿ ಮನೆಗಳಿಗೆ ನುಗ್ಗಿತು. ಆ ಮಳೆ-ಪ್ರವಾಹದಲ್ಲಿ ನಗರ ಮತ್ತು ಸುತ್ತಲಿನ ಪ್ರದೇಶದ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಓಢಾ ಎಂದರೆ ಮರಾಠಿಯಲ್ಲಿ ಹಳ್ಳ. ಕಾತ್ರಜ್ ಗುಡ್ಡಗಳಲ್ಲಿ ಹುಟ್ಟಿ, ಊರಿನ ನಡುವೆ ಹಾದು, ಮುಠಾ ನದಿಯನ್ನು ಸೇರುವ ಈ ಹಳ್ಳದ ದಡವೇ ಆರ್ಕಿಟೆಕ್ಚರ್ ಕೋರ್ಸಿನ ಕೊನೆಯ ವರ್ಷದಲ್ಲಿ ನಾನು ಥೀಸಿಸ್‌ಗೆ ಆರಿಸಿಕೊಂಡ ಜಾಗ. ಆ ವಿನ್ಯಾಸ ಹೇಗೆ ರೂಪುಗೊಂಡಿತು, ಎಲ್ಲಿ ತಪ್ಪಿತು, ಯಾರು ತಿದ್ದಿದರು ಎಂಬುದನ್ನು ಈ ವಿಡಿಯೋದಲ್ಲಿ ವಿವರಿಸುತ್ತೇನೆ.

[ದೃಶ್ಯ: ಹಳೆಯ ವಾಡೆಯ ಒಳ ಅಂಗಳ, ಮೇಲೆ ಚೌಕಾಕಾರದ ಆಕಾಶ]

ಎರಡನೆಯ ವರ್ಷದ ಒಂದು ಪ್ರಾಜೆಕ್ಟಿನಿಂದ ಆರಂಭಿಸಬೇಕು, ಏಕೆಂದರೆ ಥೀಸಿಸ್‌ನ ಬೀಜ ಅಲ್ಲಿದೆ. ಪುಣೆಯ ಹಳೆಯ ಪೇಟೆಗಳ ವಾಡೆಯೊಂದನ್ನು ಅಳೆದು ನಕ್ಷೆ ಮಾಡುವುದು ನಮಗೆ ಕೊಟ್ಟ ಕೆಲಸವಾಗಿತ್ತು. ವಾಡೆ ಎಂಬ ಮಾತು ವಿಜಯಪುರದ ಕಡೆಯವರಾದ ನಮ್ಮ ಮನೆಯಲ್ಲಿ ಹೊಸದಲ್ಲ. ದೇಸಾಯರ ವಾಡೆಯ ಕಥೆಗಳನ್ನು ಕೇಳಿಯೇ ನಾವು ಬೆಳೆದವರು. ಕಪ್ಪು ಕಲ್ಲಿನ ಅಡಿಪಾಯ, ಮರದ ಕಂಬ-ತೊಲೆಗಳ ಚೌಕಟ್ಟು, ಇಟ್ಟಿಗೆಯ ಗೋಡೆ, ನಡುವೆ ತೆರೆದ ಚೌಕ, ಸುತ್ತ ಪಡಸಾಲೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಬೇಸಿಗೆಯ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪಾಗುತ್ತದೆ. ಆ ತಂಪು ಗಾಳಿ ಭಾರವಾಗಿ ಚೌಕದೊಳಗೆ ಇಳಿದು ನಿಲ್ಲುತ್ತದೆ, ದಪ್ಪ ಗೋಡೆಗಳು ಅದನ್ನು ಮರುದಿನ ಮಧ್ಯಾಹ್ನದವರೆಗೂ ಕಾಪಾಡುತ್ತವೆ. ಏನನ್ನೂ ಕಟ್ಟದೆ ಬಿಟ್ಟ ಜಾಗವೇ ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನನ್ನು ಬಹಳ ಕಾಡಿತು. 

[ದೃಶ್ಯ: ಕಾತ್ರಜ್‌ನಿಂದ ಮುಠಾವರೆಗೆ ಹಳ್ಳದ ದಾರಿ ತೋರಿಸುವ ನಕ್ಷೆ]

ಈಗ ಹಳ್ಳಕ್ಕೆ ಬರೋಣ. 18ನೆಯ ಶತಮಾನದ ಮಧ್ಯಭಾಗದಲ್ಲಿ, ನಾನಾಸಾಹೇಬ್ ಪೇಶ್ವೆಯ ಕಾಲದಲ್ಲಿ, ಕಾತ್ರಜ್‌ನಲ್ಲಿ ನೀರು ನಿಲ್ಲಿಸಿ, ಅಲ್ಲಿಂದ ಪೇಶ್ವೆಯರ ಅರಮನೆಯಾದ ಶನಿವಾರವಾಡೆಯ ಕಡೆಗೆ ನೆಲದೊಳಗಿನ ಕಲ್ಲುಕಟ್ಟಿನ ಕಾಲುವೆಯಲ್ಲಿ ನೀರು ತಂದರು. ಯಂತ್ರದ ಸಹಾಯವಿಲ್ಲದೆ, ನೆಲದ ಇಳಿಜಾರನ್ನಷ್ಟೇ ನಂಬಿ ಹರಿದ ಆ ನೀರು ಊರೊಳಗಿನ ಹೌದುಗಳನ್ನು, ಅಂದರೆ ನೀರಿನ ತೊಟ್ಟಿಗಳನ್ನು, ತುಂಬುತ್ತಿತ್ತು. ಅದೇ ಕಾಲದಲ್ಲಿ ಪರ್ವತಿಯ ಬುಡದಲ್ಲಿ ಕೆರೆಯೊಂದು ನಿರ್ಮಾಣವಾಯಿತು, ಹಳ್ಳದ ಹರಿವನ್ನೂ ತಿರುಗಿಸಲಾಯಿತು. ಆ ಕೆರೆ ಈಗ ಇಲ್ಲ; ಅದರ ಜಾಗದಲ್ಲಿ ಸಾರಸ್‌ಬಾಗ್ ಉದ್ಯಾನವಿದೆ, ಅಂದು ಕೆರೆಯ ನಡುಗಡ್ಡೆಯಲ್ಲಿದ್ದ ಗಣಪತಿಯನ್ನು ಜನ ಇಂದಿಗೂ ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯೊಳಗಿನ ಗಣಪತಿ ಎಂದೇ ಕರೆಯುತ್ತಾರೆ. ಕೆರೆ ಹೋಗಿ ಇಷ್ಟು ಕಾಲವಾದರೂ ಹೆಸರಿನಲ್ಲಿ ನೀರು ಉಳಿದಿದೆ.

[ದೃಶ್ಯ: ಕಾಗದದ ಮೇಲೆ ಕೈಯಿಂದ ಬಿಡಿಸುತ್ತಿರುವ ಎರಡು ಸೆಕ್ಷನ್‌ಗಳು]

ಪ್ರವಾಹದ ಮಾತು ಬಂದಾಗ ಎಲ್ಲರಿಗೂ ಮೊದಲು ಹೊಳೆಯುವ ಉತ್ತರ ತಡೆಗೋಡೆ. ಸೆಕ್ಷನ್, ಅಂದರೆ ನೆಲವನ್ನು ಅಡ್ಡಲಾಗಿ ಕೊಯ್ದಂತೆ ತೋರಿಸುವ ನಕ್ಷೆ, ಬಿಡಿಸಿದರೆ ಆ ಉತ್ತರದ ಮಿತಿ ಕಾಣುತ್ತದೆ. ಎರಡೂ ಬದಿಗೆ ಗೋಡೆಯಿರುವ 10 ಮೀಟರ್ ಅಗಲದ ಹಳ್ಳವೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ನೀರು 3 ಮೀಟರ್ ಎತ್ತರ ಹರಿದರೆ ಅಡ್ಡಕೊಯ್ತದ ವಿಸ್ತೀರ್ಣ 30 ಚದರ ಮೀಟರ್. ಈಗ ಕೆಳಗಿನ ಒಂದೂವರೆ ಮೀಟರನ್ನು ಹಾಗೆಯೇ ಬಿಟ್ಟು, ಅದರ ಮೇಲೆ ದಡವನ್ನು ಜಗಲಿಯಂತೆ ಹಿಂದಕ್ಕೆ ಸರಿಸಿ ಒಟ್ಟು 30 ಮೀಟರ್ ಅಗಲ ಕೊಟ್ಟರೆ, ಅಷ್ಟೇ ವಿಸ್ತೀರ್ಣದ ನೀರಿಗೆ 2 ಮೀಟರ್ ಎತ್ತರ ಸಾಕು. ಜಗಲಿಯ ಮೇಲೆ ಗಿಡಗಳಿದ್ದು ನೀರು ನಿಧಾನವಾಗಿ ಹರಿಯುವುದರಿಂದ ನಿಜವಾದ ಅಂಕಿ ಸ್ವಲ್ಪ ಮೇಲೇರುತ್ತದೆ; ಆದರೂ ಒಂದು ಮೀಟರಿನ ಹತ್ತಿರದ ಈ ಇಳಿಕೆಯೆಂದರೆ ಮನೆಯೊಳಗೆ ಎದೆಮಟ್ಟ ನಿಲ್ಲುವ ನೀರಿಗೂ ಹೊಸ್ತಿಲಲ್ಲೇ ನಿಲ್ಲುವ ನೀರಿಗೂ ಇರುವ ಅಂತರ. ಗೋಡೆಯ ನಡುವೆ ವೇಗ ಪಡೆದ ನೀರು ಕೆಳಗಿನ ಬಡಾವಣೆಯವರ ಸಂಕಟವನ್ನು ಹೆಚ್ಚಿಸುತ್ತದೆ, ಕಿರಿದಾದ ಸೇತುವೆಯ ಕೆಳಗೆ ಕಸ-ಕಡ್ಡಿ ಸಿಕ್ಕಿಕೊಂಡರೆ ಅದೇ ನೀರು ಹಿಂದಕ್ಕೆ ಏರುತ್ತದೆ.

ನಮ್ಮ ಅಧ್ಯಯನದಲ್ಲಿ ತಿಳಿದ ಇನ್ನೊಂದು ಸಂಗತಿ ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಪುಣೆಯ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಕೈಗಳು ಬಹಳಷ್ಟಿವೆ. ದಡದ ವಸತಿಯೊಂದರಲ್ಲಿ ಮನೆ ಮನೆಗೆ ಹೋಗಿ ವಿಚಾರಿಸುತ್ತಿದ್ದಾಗ, ನನ್ನ ಮರಾಠಿಯ ನಡುವೆ ಕನ್ನಡದ ಎಳೆಯನ್ನು ಗುರುತಿಸಿದ ಯಾದಗಿರಿ ಕಡೆಯ ಹಿರಿಯ ತಾಯಿಯೊಬ್ಬರು ಒಳಗೆ ಕರೆದು ಕೂರಿಸಿ ಹೇಳಿದರು: “ನೀರು ಹಳ್ಳದ ಕಡಿಂದ ಬರ್ಲಿಲ್ಲವ್ವಾ, ಮೊದ್ಲ ಮೋರ್ಯಾಗಿಂದ ಮ್ಯಾಲ ಬಂತು.” ಹಳ್ಳದ ಮಟ್ಟ ಏರಿದಾಗ ಅದಕ್ಕೆ ಸೇರುವ ಚರಂಡಿಗಳಲ್ಲಿ ನೀರು ಹಿಮ್ಮುಖವಾಗಿ ಹರಿಯುತ್ತದೆ. ಗೋಡೆಯನ್ನು ಎಷ್ಟು ಎತ್ತರಿಸಿದರೂ ಅದನ್ನು ತೂರಿ ಬರುವ ಚರಂಡಿಗೆ ಏಕಮುಖ ಕವಾಟವಿಲ್ಲದಿದ್ದರೆ ಮನೆ ಮುಳುಗುತ್ತದೆ.

[ದೃಶ್ಯ: ನಕ್ಷೆಯ ಮೇಲೆ ನೀಲಿ ಮತ್ತು ಕೆಂಪು ರೇಖೆಗಳು ಮೂಡುತ್ತವೆ]

ಮಹಾರಾಷ್ಟ್ರದಲ್ಲಿ ನದಿದಡದ ಯೋಜನೆಗೆ ಎರಡು ರೇಖೆಗಳನ್ನು ಗುರುತಿಸುತ್ತಾರೆ: 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ರೇಖೆ. ಈ ಮಾತನ್ನು ಜನ ತಪ್ಪಾಗಿ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. 25 ವರ್ಷಕ್ಕೊಮ್ಮೆ ಎಂದರೆ ಒಮ್ಮೆ ಬಂದ ಮೇಲೆ 24 ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇಕಡಾ 4 ಎಂದರ್ಥ. ಆ ಲೆಕ್ಕದಲ್ಲಿ ನೀಲಿ ರೇಖೆಯ ಅಂಚಿನಲ್ಲಿರುವ ಮನೆಯಲ್ಲಿ 30 ವರ್ಷ ಬಾಳುವ ಕುಟುಂಬವು ಒಮ್ಮೆಯಾದರೂ ಪ್ರವಾಹ ಕಾಣುವ ಸಾಧ್ಯತೆ ಸುಮಾರು ಶೇಕಡಾ 70.

ಹಳ್ಳದ ಸಮಸ್ಯೆ ದಡದಲ್ಲಷ್ಟೇ ಇಲ್ಲ, ಅದು ಆರಂಭವಾಗುವುದು ಮೇಲಿನ ಬಡಾವಣೆಗಳ ಛಾವಣಿಗಳ ಮೇಲೆ. ಒಂದು ಹೆಕ್ಟೇರ್ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಕಾಂಕ್ರೀಟ್ ಆದರೆ ಅದರ ಬಹುಪಾಲು ಕೆಲವೇ ನಿಮಿಷಗಳಲ್ಲಿ ಹಳ್ಳಕ್ಕೆ ಓಡುತ್ತದೆ. ಎಲ್ಲೆಡೆ ಇಂಗುಗುಂಡಿ ತೋಡಿದರಾಯಿತೆಂದು ಹೇಳುವುದು ಸುಲಭ, ಆದರೆ ಪುಣೆಯ ನೆಲದಡಿ ಇರುವುದು ಗಟ್ಟಿಯಾದ ಬಸಾಲ್ಟ್ ಬಂಡೆ. ಅದರ ಮೇಲಿನ ಸಡಿಲ ಪದರ, ಇಲ್ಲಿಯವರು ಮುರೂಮ್ ಎಂದೂ ನಮ್ಮವರು ಗರಸು ಎಂದೂ ಕರೆಯುವ ಮಣ್ಣು, ಇದ್ದಲ್ಲಿ ಮಾತ್ರ ನೀರು ಇಂಗುತ್ತದೆ. ಆದ್ದರಿಂದ ಉಳಿದ ಕಡೆ ಇಂಗಿಸುವುದಕ್ಕಿಂತ ತಡೆಹಿಡಿಯುವುದಕ್ಕೆ ಒತ್ತು ಕೊಟ್ಟೆ: ಮೈದಾನವನ್ನು ಮೊಣಕಾಲೆತ್ತರ ತಗ್ಗಿಸುವುದು, ಸೊಸೈಟಿಗಳ, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯಗಳ, ಪಾರ್ಕಿಂಗ್ ಕೆಳಗೆ ತೊಟ್ಟಿ ಇಟ್ಟು ಸಣ್ಣ ಕಿಂಡಿಯಿಂದ ನೀರು ಬಿಡುವುದು. ಒಂದು ಗಂಟೆಯಲ್ಲಿ ನುಗ್ಗುವ ನೀರು ನಾಲ್ಕು ಗಂಟೆಗೆ ಹಂಚಿಹೋದರೆ ಹಳ್ಳ ಅದನ್ನು ತಾಳಿಕೊಳ್ಳುತ್ತದೆ.

[ದೃಶ್ಯ: ಥೀಸಿಸ್ ಮಾದರಿ, ಮೂರು ಹಂತದ ದಡ]

ದಡಕ್ಕೆ ಮೂರು ಹಂತ ಕೊಟ್ಟೆ. ಕೆಳಗಿನದರಲ್ಲಿ ಲಾವಂಚ ಮತ್ತು ಜೊಂಡು, ನಡುವಿನದರಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ ಮರಗಳ ನೆರಳಿನ ದಾರಿ, ಮೇಲಿನದರಲ್ಲಿ ಮನೆಗಳು. ಈ ಅಗಲಕ್ಕೆ ಜಾಗ ಎಲ್ಲಿಂದ ಬರಬೇಕು ಎಂಬುದೇ ಕಠಿಣ ಪ್ರಶ್ನೆ. ಕೂಲಿಯವರ ಮನೆಗಳನ್ನು ಊರಾಚೆ ಸಾಗಿಸಿ ಅಲ್ಲಿ ಉದ್ಯಾನ ಮಾಡುವುದನ್ನು ಸುಸ್ಥಿರ ವಿನ್ಯಾಸ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕೆಲಸ ಇರುವಲ್ಲಿಂದ ದೂರವಾದ ಕುಟುಂಬ ಬಸ್ ಖರ್ಚಿಗೇ ಕೂಲಿ ಸುರಿದು, ಕೆಲವೇ ತಿಂಗಳಲ್ಲಿ ಇನ್ನೊಂದು ಹಳ್ಳದ ದಡಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ತಗ್ಗಿನ ಮನೆಗಳನ್ನು ಅದೇ ವಸತಿಯ ಎತ್ತರದ ಭಾಗದಲ್ಲಿ, ಚೌಕದ ಸುತ್ತ ಮೂರು ಅಂತಸ್ತಾಗಿ ಜೋಡಿಸಿದೆ. ಎರಡನೆಯ ವರ್ಷದ ವಾಡೆ ಇಲ್ಲಿ ನೆರವಿಗೆ ಬಂತು.

ನಕ್ಷೆ ಮುಗಿದ ಮೇಲೆ ಅದನ್ನು ಆ ತಾಯಿಯ ಮುಂದೆ ಹರಡಿದೆ. ಅವರು ಬಹಳ ಹೊತ್ತು ನೋಡಿ, ನಡುವಿನ ಹಂತದಲ್ಲಿ ನಾನು ಗುರುತಿಸಿದ್ದ ಸಾರ್ವಜನಿಕ ಶೌಚಾಲಯದ ಮೇಲೆ ಬೆರಳಿಟ್ಟರು. “ನೀರು ಬಂದ್ರ ಮೊದ್ಲ ಸಂಡಾಸ್ ಮುಳಗ್ತದವ್ವಾ. ಆಮ್ಯಾಲ ಹೆಣ್ಮಕ್ಕಳು ಎಲ್ಲಿ ಹೋಗ್ಬೇಕು?” ಎಂದರು. ಅಷ್ಟು ತಿಂಗಳ ಲೆಕ್ಕದಲ್ಲಿ ಆ ಪ್ರಶ್ನೆ ನನಗೆ ಬಂದಿರಲಿಲ್ಲ.

[ದೃಶ್ಯ: ತಿದ್ದಿದ ಸೆಕ್ಷನ್, ಕೆಂಪು ರೇಖೆಯ ಮೇಲೆ ಶೌಚಾಲಯ]

ಶೌಚಾಲಯವನ್ನು ಕೆಂಪು ರೇಖೆಯ ಮೇಲಕ್ಕೆ, ಮನೆಗಳ ಚೌಕದ ಪಕ್ಕಕ್ಕೆ ತಂದೆ. ಅದಕ್ಕಾಗಿ ಎರಡು ಮೆಟ್ಟಿಲು ಸಾಲುಗಳು ಸ್ಥಳ ಬದಲಿಸಿದವು, ಒಂದು ಹೊಂಗೆಮರವನ್ನು ನಕ್ಷೆಯಿಂದ ತೆಗೆಯಬೇಕಾಯಿತು. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಆ ತಿದ್ದಿದ ಸೆಕ್ಷನ್.