ಗುಡ್ಡ ಕೇಳುವುದು ಆರೇ ಕುದುರೆ

ಎಲ್ಲರಿಗೂ ನಮಸ್ಕಾರ. ಕಕ್ಕಡ ತಿಂಗಳ ಈ ಮಳೆಯಲ್ಲೂ ಮಡಿಕೇರಿಗೆ ಬಂದಿದ್ದೀರಿ. ಹೊರಗೆ ನಿಂತ ಜಾವಾ ಬೈಕುಗಳನ್ನು ಎಣಿಸಿದೆ, ಒಂಬತ್ತು. ಅದರಲ್ಲಿ ಎರಡು ಬಂದದ್ದು ಪಿಕಪ್ ಜೀಪ್ ಏರಿ. ಯಾರದು ಅಂತ ಕೇಳುವುದಿಲ್ಲ.

"ಸರ್, ಗಾಡಿಗೆ ಪಿಕಪ್ ಜಾಸ್ತಿ ಮಾಡೋದು ಹೇಗೆ?" ಸಿಕ್ಕವರೆಲ್ಲ ನನ್ನನ್ನು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ. ಇದ್ದ ಪಿಕಪ್ ಎಲ್ಲಿ ಹೋಯಿತು?

ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ 250ರ ಲೆಕ್ಕ ಹಿಡಿಯೋಣ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75 ಮಿ.ಮೀ.; ಒಟ್ಟು ಸುಮಾರು 249 ಸಿಸಿ. ಶಕ್ತಿ ಸುಮಾರು 12 ಎಚ್‌ಪಿ, ಅಂದರೆ 12 ಕುದುರೆ. ಇಬ್ಬರು ಕೂತರೆ ಗಾಡಿ ಸೇರಿ 250 ಕೆ.ಜಿ. ಅಂತಿಟ್ಟುಕೊಳ್ಳಿ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆ. ಅಲ್ಲಿ 40 ಕಿ.ಮೀ. ವೇಗದಲ್ಲಿ ಹತ್ತಲು ಭಾರ ಎತ್ತುವುದಕ್ಕೇ ಮೂರೂವರೆ ಎಚ್‌ಪಿಗಿಂತ ಸ್ವಲ್ಪ ಜಾಸ್ತಿ ಬೇಕು. ಗಾಳಿಗೆ, ಟೈರಿಗೆ ಇನ್ನೊಂದು ಚಿಲ್ಲರೆ. ಚೈನು, ಗೇರ್‌ಬಾಕ್ಸ್ ತಿನ್ನುವುದನ್ನೂ ಸೇರಿಸಿದರೆ ಆರು. ಗುಡ್ಡ ಕೇಳುವುದು ಅಷ್ಟೇ.

ನಮ್ಮ ಎತ್ತರವೂ ಸ್ವಲ್ಪ ಕಸಿಯುತ್ತದೆ, ನಿಜ. ಘಾಟಿಯ ಬುಡದ ಸಂಪಾಜೆಯಿಂದ ಇಲ್ಲಿಗೆ ಸುಮಾರು ಸಾವಿರ ಮೀಟರ್ ಏರಿದ್ದೀರಿ. ಗಾಳಿ ತೆಳುವಾಗಿ ಶಕ್ತಿಯಲ್ಲಿ ಶೇಕಡ 10ರಷ್ಟು ಹೋಯಿತು. ಆದರೂ ಹತ್ತೂವರೆ ಉಳಿಯಬೇಕಲ್ವಾ? ಆರು ಸಾಕಾಗುವ ಏರಿನಲ್ಲಿ ಎರಡನೇ ಗೇರಿಗಿಳಿದು ಏದುಸಿರು ಬಿಡುವ ಗಾಡಿಯಲ್ಲಿ ಅರ್ಧ ಕುದುರೆಗಳು ಕಟ್ಟು ಬಿಚ್ಚಿಕೊಂಡು ಓಡಿಹೋಗಿವೆ. ಹೊಸ ಕುದುರೆ ತರುವ ಮೊದಲು ಅವನ್ನು ಹುಡುಕಿ.

ನಾನು ಹುಡುಕಲಿಲ್ಲ. ನನ್ನ ಮೊದಲ ಜಾವಾ ಒಂದು ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತರ ಕೈಯಿಂದ ಬಂದದ್ದು. ಘಾಟಿಯಲ್ಲಿ ಎಳೆಯುತ್ತಿರಲಿಲ್ಲ. ಸಿಲಿಂಡರಿನ ಮೇಲಿನ ಮುಚ್ಚಳ, ಹೆಡ್ ಕೆತ್ತಿಸಿದರೆ ಹಾರುತ್ತದೆ ಅಂತ ಯಾರೋ ಹೇಳಿದರು. ಲೇತ್‌ನಲ್ಲಿ ಎರಡು ಮಿ.ಮೀ. ತೆಗೆಸಿದೆ. ಮೂರು ದಿನ ಹಾರಿತು. ನಾಲ್ಕನೇ ದಿನ ಸುಂಟಿಕೊಪ್ಪದ ಹತ್ತಿರ ಪಿಸ್ಟನ್ ಸೀಜ್, ಸಿಲಿಂಡರಿಗೆ ಕಚ್ಚಿ ನಿಂತಿತು. ಹಿಂದಿನ ಚಕ್ರ ಲಾಕ್ ಆಗಿ ನಾನು ಚರಂಡಿಯಲ್ಲಿ.

ಆಮೇಲೆ ಕೂತು ಲೆಕ್ಕ ಹಾಕಿದೆ. 65 ಮಿ.ಮೀ. ಬೋರಿನ ಹೆಡ್‌ನಲ್ಲಿ ಒಂದು ಮಿ.ಮೀ. ತೆಗೆದರೆ ಸುಮಾರು 3.3 ಸಿಸಿ ಜಾಗ ಕಡಿಮೆಯಾಗುತ್ತದೆ. ಕಂಪ್ರೆಷನ್, ಅಂದರೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 7 ಇದ್ದದ್ದು 7.5 ಆಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಅದರಿಂದ ಬರುವ ಲಾಭ ಶೇಕಡ ಎರಡು ಚಿಲ್ಲರೆ. ಅಂದರೆ ಕಾಲು ಎಚ್‌ಪಿ! ನಾನು ತೆಗೆಸಿದ ಎರಡಕ್ಕೆ ಅರ್ಧ ಚಿಲ್ಲರೆ. ಅದಕ್ಕೆ ಕೊಟ್ಟ ಬೆಲೆ ಬಿಸಿ ಮತ್ತು ನಾಕಿಂಗ್, ಅಂದರೆ ಎಂಜಿನ್ ಒಳಗೆ ಟಕಟಕ ಬಡಿತ. ಹಾಗಾದರೆ ಮೂರು ದಿನ ಹಾರಿದ್ದು ಯಾಕೆ? ಹೆಡ್ ಬಿಚ್ಚಿದಾಗ ಮಸಿ ಕೆರೆದಿದ್ದರು, ಹೊಸ ಪ್ಲಗ್ ಹಾಕಿದ್ದರು. ಹಾರಿಸಿದ್ದು ಆ ಎರಡು ಕೆಲಸ ಅಂತ ಈಗ ನನಗೆ ಅನಿಸುತ್ತದೆ.

ಮಸಿಯ ವಿಷಯಕ್ಕೇ ಬರೋಣ. ಜಾವಾಕ್ಕೆ ಒಂದೇ ಸಿಲಿಂಡರ್, ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆ ಆಯಿಲನ್ನೂ ಸುಡುತ್ತದೆ. ಐದು ಲೀಟರಿಗೆ 200 ಮಿ.ಲೀ. ಹಾಕಬೇಕಾದಲ್ಲಿ ನಾವು ಕಣ್ಣಳತೆಯಲ್ಲಿ ಸುರಿಯುತ್ತೇವೆ, "ಇರಲಿ ಪಾಪ" ಅಂತ ಇನ್ನೊಂದಿಷ್ಟು. ಅದೆಲ್ಲ ಸೈಲೆನ್ಸರ್ ಒಳಗೆ ಸದ್ದು ತಡೆಯುವ ಬ್ಯಾಫಲ್‌ನಲ್ಲಿ ಡಾಂಬರಿನ ಹಾಗೆ ಕೂರುತ್ತದೆ. ಹಳೆ ಹೊಗೆ ಹೊರಗೆ ಹೋಗದೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಬ್ಯಾಫಲ್ ಬಿಚ್ಚಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಮುಳುಗಿಸಬೇಡಿ, ತಿಂದುಬಿಡುತ್ತದೆ. ಸಿಲಿಂಡರಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟ್ ಬಾಯಲ್ಲೂ ಮಸಿ ಇರುತ್ತದೆ. ಪಿಸ್ಟನ್ ಕೆಳಗಿಳಿಸಿ ಮರದ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ.

ಬ್ಯಾಫಲನ್ನೇ ಕಿತ್ತೆಸೆಯುವ ಹುಡುಗರಿದ್ದಾರೆ. ಸದ್ದು ಜಾಸ್ತಿಯಾಗುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ. ಗುಡ್ಡಕ್ಕೆ ಬೇಕಾದದ್ದೇ ಆ ಎಳೆತ. ಜೊತೆಗೆ ತೋಟದ ದಾರಿಯಲ್ಲಿ ಸಂಜೆ ಹೊತ್ತು ಆನೆಗೆ ನಾವು ಬಂದೆವು ಅಂತ ಡಂಗುರ ಬೇರೆ.

ಇನ್ನೊಂದು ಕಳ್ಳ ಕಣ್ಣಿಗೆ ಕಾಣುವುದಿಲ್ಲ: ಕ್ರ್ಯಾಂಕ್ ಆಯಿಲ್ ಸೀಲ್, ಕ್ರ್ಯಾಂಕ್ ದಂಡದ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಬೆರೆತ ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲೆ ಹೋಗಬೇಕು. ಸೀಲ್ ಸೋರಿದರೆ ಒತ್ತಡವೇ ಇಲ್ಲ. ಎಡಗಡೆ, ಕ್ಲಚ್ ಕಡೆ ಸೋರಿದರೆ ಗೇರ್ ಆಯಿಲ್ ಹೀರಿ ಹೊಗೆ ಬಿಡುತ್ತದೆ, ಆಯಿಲ್ ಮಟ್ಟ ಸುಮ್ನೆ ಇಳಿಯುತ್ತಾ ಹೋಗುತ್ತದೆ. ಬಲಗಡೆ, ಡೈನಮೋ ಕಡೆ ಸೋರಿದರೆ ಬರೀ ಗಾಳಿ ನುಗ್ಗುತ್ತದೆ. ಅದು ಹೆಚ್ಚು ಅಪಾಯ. ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ನನ್ನ ಗಾಡಿ ಸೀಜ್ ಆದದ್ದರಲ್ಲಿ ಈ ಸೀಲಿನ ಪಾಲೂ ಇತ್ತು, ಎಂಜಿನ್ ಇಳಿಸಿದಾಗ ಗೊತ್ತಾಯಿತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಕಲ್ಲಾಗಿರುತ್ತದೆ. ಬದಲಾಯಿಸಿಬಿಡಿ.

ಪ್ಲಗ್‌ನಲ್ಲಿ ಕಿಡಿ ಹಾರಿಸುವ ಪಾಯಿಂಟ್, ಟೈಮಿಂಗ್ ಎಲ್ಲ ನಿಮಗೆ ಗೊತ್ತಿದೆ. ಮಳೆಗಾಲದಲ್ಲಿ ಪಾಯಿಂಟ್ ಕವರಿನೊಳಗೆ ನೀರು ನೋಡಿ, ಅಷ್ಟೇ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಡ್ರಮ್ಮಿನ ಕೆಸರು ಒಂದು ಕುದುರೆಯನ್ನು ಕಟ್ಟಿಹಾಕಬಲ್ಲದು.

ಇಷ್ಟಾದ ಮೇಲೆ ಜೆಟ್, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು. ಕರಾವಳಿಯಲ್ಲಿ ಸರಿಯಿದ್ದ ಮೇನ್ ಜೆಟ್ ಇಲ್ಲಿ ಪೆಟ್ರೋಲ್ ಜಾಸ್ತಿ ಕುಡಿಸುತ್ತದೆ. ಒಂದು ಏರು ಪೂರ್ತಿ ಥ್ರಾಟಲ್‌ನಲ್ಲಿ ಹತ್ತಿ, ಅಲ್ಲೇ ಎಂಜಿನ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಕೊಡಗಿನವರಿಗೆ ಬಣ್ಣ ಹೇಳಿಕೊಡಬೇಕಾಗಿಲ್ಲ. ಹದವಾಗಿ ಹುರಿದ ಕಾಫಿಯ ಕಂದು ಇದ್ದರೆ ಸರಿ. ಸೀದ ಕಪ್ಪಾದರೆ ಜೆಟ್ ಒಂದು ಮೆಟ್ಟಿಲು ಇಳಿಸಿ. ಹಸಿ ಬೀಜದ ಹಾಗೆ ಬಿಳಿಚಿಕೊಂಡಿದ್ದರೆ ಓಡಿಸಬೇಡಿ, ದೊಡ್ಡ ಜೆಟ್ ಹಾಕಿ.

ಹಿಂದಿನ ಸಾಲಿನಿಂದ ಅಣ್ಣ ಒಬ್ಬರು ಸ್ಪ್ರಾಕೆಟ್ ಅಂತ ಕೈ ಎತ್ತುತ್ತಿದ್ದಾರೆ. ಹೌದು, ಅದು ಸುಲಭದ ದಾರಿ. ಚೈನು ಎಳೆಯುವ ಮುಂದಿನ ಹಲ್ಲುಚಕ್ರ, ಸ್ಪ್ರಾಕೆಟ್, 18 ಹಲ್ಲಿನದಿದ್ದರೆ 17ರದು ಹಾಕಿ. ಎಂಜಿನ್ ಶಕ್ತಿ ಒಂದಿಷ್ಟೂ ಹೆಚ್ಚಲಿಲ್ಲ, ಚಕ್ರದ ಎಳೆತ ಮಾತ್ರ ಶೇಕಡ ಆರರಷ್ಟು ಹೆಚ್ಚಿತು. ಕುಶಾಲನಗರ ದಾಟಿ ಮೈಸೂರು ರಸ್ತೆಗೆ ಬಿದ್ದಾಗ ಎಂಜಿನ್ ಅಷ್ಟೇ ಜಾಸ್ತಿ ಕಿರುಚುತ್ತದೆ. ಭಾಗಮಂಡಲದ ಕಡೆಗೇ ಓಡಾಡುವವರು ಹಾಕಿಸಿ. ನಾನು ಹಾಕಿಸಿದ್ದೇನೆ.

ಮಳೆ ಸ್ವಲ್ಪ ನಿಂತಂತಿದೆ. ಜೀಪಿನಲ್ಲಿ ಬಂದ ಆ ಎರಡನ್ನು ಕೆಳಗಿಳಿಸಿ, ಸೈಲೆನ್ಸರಿನಿಂದ ಶುರು ಮಾಡೋಣ. ಅದರ ನಟ್ಟಿಗೆ ಕೊಕ್ಕೆ ಸ್ಪ್ಯಾನರ್ ಬೇಕು. ಯಾರ ಹತ್ತಿರ ಇದೆ?